ಪೆಟ್ಟಿಗೆಯೊಳಗಿನ ಐವತ್ತು ಸೆಕೆಂಡು: ಚರ್ಮಕ್ಕೆ ಬೆಳಕಿನ ಚಿಕಿತ್ಸೆ ಪಡೆಯುವುದು ಹೇಗೆ?

ಊರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದು, ಓಪಿಡಿ ಚೀಟಿಗೆ ಸಾಲಿನಲ್ಲಿ ನಿಂತು, ಕೊನೆಗೆ ಚರ್ಮರೋಗ ವಿಭಾಗದ ಫೋಟೊಥೆರಪಿ ಕೊಠಡಿಯನ್ನು ತಲುಪಿದ ರೋಗಿ, ಮೊದಲ ದಿನ ಆ ಎತ್ತರದ ಪೆಟ್ಟಿಗೆಯಿಂದ ಹೊರಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಅಷ್ಟೇನಾ?’ ಒಳಗೆ ನಿಂತದ್ದು ಒಂದು ನಿಮಿಷವೂ ಇರುವುದಿಲ್ಲ. ಆದರೆ ಆ ಕೆಲವು ಸೆಕೆಂಡುಗಳು ಮಾತ್ರೆಯಷ್ಟೇ ಅಳತೆ ಮಾಡಿ ಕೊಟ್ಟ ಔಷಧ ಎಂಬುದನ್ನು ಅರಿತವರಿಗೆ ಮುಂದಿನ ಹಂತಗಳು ಸುಲಭವಾಗುತ್ತವೆ.

ಸೋರಿಯಾಸಿಸ್, ತೊನ್ನು, ಹಟಮಾರಿ ಇಸುಬು ಇರುವವರಿಗೆ ಇಂದು ಹೆಚ್ಚಾಗಿ ನೀಡುವುದು ನ್ಯಾರೋಬ್ಯಾಂಡ್ ಯುವಿಬಿ, ಅಂದರೆ ‘ಬಿ’ ವರ್ಗದ ಅತಿನೇರಳೆ ಕಿರಣದ ಕಿರಿದಾದ ಪಟ್ಟಿ. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ 311ರಿಂದ 313 ನ್ಯಾನೋಮೀಟರ್‌ವರೆಗಿನ ಕಿರಿದಾದ ಪಟ್ಟಿಯನ್ನು ಮಾತ್ರ ಸೂಸುವ ಟ್ಯೂಬ್‌ಲೈಟ್‌ಗಳು ಪೆಟ್ಟಿಗೆಯ ಒಳಗೋಡೆಯ ಸುತ್ತ ಇರುತ್ತವೆ. ಬೆಳಕಿನಿಂದ ಚರ್ಮ ಗುಣಪಡಿಸುವ ಯತ್ನ ಹೊಸತಲ್ಲ. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ನೀಡಿದ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್‌ಗೆ 1903ರಲ್ಲೇ ನೊಬೆಲ್ ಬಂದಿತ್ತು. ನಮ್ಮಲ್ಲಂತೂ ತೊನ್ನಿಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ ಬಹಳ ಹಿಂದಿನದು. ಆ ಬೀಜದಲ್ಲಿರುವ ಸೋರಲೆನ್ ವರ್ಗದ ರಾಸಾಯನಿಕವನ್ನೇ ಮಾತ್ರೆಯಾಗಿ ನುಂಗಿಸಿ, ಯುವಿಎ (‘ಎ’ ವರ್ಗದ ಅತಿನೇರಳೆ) ಕಿರಣ ಕೊಡುವ ‘ಪುವಾ’ ಚಿಕಿತ್ಸೆ 1970ರ ದಶಕದಲ್ಲಿ ಬಳಕೆಗೆ ಬಂತು. ಮಾತ್ರೆಯ ತೊಂದರೆಯಿಲ್ಲದ ನ್ಯಾರೋಬ್ಯಾಂಡ್ ಈಗ ಬಹುಮಟ್ಟಿಗೆ ಅದರ ಜಾಗವನ್ನು ತುಂಬಿದೆ.

ಮೊದಲ ಭೇಟಿಯಲ್ಲಿ ಹೇಳಲೇಬೇಕಾದದ್ದು

ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು. ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಥಯಝೈಡ್ ಮುಂತಾದ ಔಷಧಗಳು ಚರ್ಮವನ್ನು ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿಸಬಲ್ಲವು. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆಯಾಗಲಿ, ಹಿಂದೆ ಚರ್ಮದ ಕ್ಯಾನ್ಸರ್ ಆಗಿದ್ದದ್ದಾಗಲಿ ಇದ್ದರೆ ಅದನ್ನೂ ಹೇಳಬೇಕು. ಗರ್ಭಿಣಿಯರು ವೈದ್ಯರ ಸಲಹೆಯಂತೆ ನ್ಯಾರೋಬ್ಯಾಂಡ್ ಪಡೆಯಬಹುದು, ಆದರೆ ಸೋರಲೆನ್ ಮಾತ್ರೆ ಅವರಿಗೆ ಸಲ್ಲದು. ಮನೆಯಲ್ಲಿ ಗುಟ್ಟಾಗಿ ಬಾವಂಚಿ ಎಣ್ಣೆಯನ್ನೋ ನಿಂಬೆರಸವನ್ನೋ ಹಚ್ಚುತ್ತಿರುವವರು ಅದನ್ನು ನಿಲ್ಲಿಸುವುದು ಒಳ್ಳೆಯದು. ನಿಂಬೆಯಲ್ಲೂ ಬಾವಂಚಿಯ ಜಾತಿಯದೇ ರಾಸಾಯನಿಕವಿದ್ದು, ಬಿಸಿಲು ತಾಗಿದರೆ ಬೊಬ್ಬೆ ಏಳುತ್ತದೆ. ಆಮೇಲೆ ಆಸ್ಪತ್ರೆಯ ಬೆಳಕಿನ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ಚಿಕಿತ್ಸೆಯ ದಿನ

ಸ್ನಾನ ಮಾಡಿ, ಮೈಗೆ ಏನನ್ನೂ ಹಚ್ಚದೆ ಬರಬೇಕು. ದಪ್ಪಗೆ ಬಳಿದ ವ್ಯಾಸಲಿನ್, ಸ್ಯಾಲಿಸಿಲಿಕ್ ಆಮ್ಲವಿರುವ ಮುಲಾಮು, ಸನ್‌ಸ್ಕ್ರೀನ್ ಇವು ಕಿರಣಗಳನ್ನು ತಡೆಯುತ್ತವೆ. ಸೋರಿಯಾಸಿಸ್‌ನ ಹೊಟ್ಟು ದಪ್ಪವಾಗಿದ್ದರೆ ಸಿಬ್ಬಂದಿಯೇ ತೆಳುವಾಗಿ ಎಣ್ಣೆ ಸವರಲು ಹೇಳಬಹುದು. ಒಳಹೋಗುವ ಮುನ್ನ ಅವರು ಕೊಟ್ಟ ಕಪ್ಪು ಕನ್ನಡಕವನ್ನು ಕಡ್ಡಾಯವಾಗಿ ಹಾಕಿಕೊಳ್ಳಬೇಕು. ಗಂಡಸರು ಗುಪ್ತಾಂಗವನ್ನು ಮುಚ್ಚಿಕೊಳ್ಳಬೇಕು. ಮುಖದಲ್ಲಿ ರೋಗವಿಲ್ಲದಿದ್ದರೆ ಅದನ್ನೂ ಬಟ್ಟೆಯಿಂದ ಮರೆಮಾಡಿಕೊಳ್ಳಬಹುದು.

ಇನ್ನು ಬಟ್ಟೆಯ ವಿಚಾರ. ಇದನ್ನು ಲಘುವಾಗಿ ತೆಗೆದುಕೊಂಡವರೇ ಹೆಚ್ಚು ಸುಟ್ಟುಕೊಳ್ಳುತ್ತಾರೆ. ಹತ್ತು ಸಲ ಮೊಣಕಾಲುದ್ದದ ಚಡ್ಡಿ ತೊಟ್ಟು ನಿಂತವರು ಹನ್ನೊಂದನೆಯ ಸಲ ಗಿಡ್ಡ ಚಡ್ಡಿ ಹಾಕಿದರೆ, ಅಲ್ಲಿಯವರೆಗೆ ಬೆಳಕನ್ನೇ ಕಾಣದ ತೊಡೆಯ ಚರ್ಮಕ್ಕೆ ಹನ್ನೊಂದನೆಯ ದಿನದ ಪೂರ್ತಿ ಡೋಸ್ ಒಮ್ಮೆಲೇ ಬೀಳುತ್ತದೆ. ಬಳೆ, ಸರ, ಜಡೆಯ ವಿಷಯದಲ್ಲೂ ಹೀಗೆಯೇ. ಮೊದಲ ದಿನ ಹೇಗೆ ನಿಂತಿರೋ ಕೊನೆಯ ದಿನದವರೆಗೂ ಹಾಗೆಯೇ, ಪೆಟ್ಟಿಗೆಯ ನಡುವೆ, ಟ್ಯೂಬ್‌ಗಳಿಗೆ ಒರಗದೆ ನಿಲ್ಲಬೇಕು.

ಡೋಸ್ ಲೆಕ್ಕ

ತೊನ್ನಿಗೆ ಸಾಮಾನ್ಯವಾಗಿ ಚರ್ಮದ ಚದರ ಸೆಂಟಿಮೀಟರಿಗೆ 200 ಮಿಲಿಜೌಲ್‌ನಿಂದ (ಮಿಲಿಜೌಲ್ ಎಂದರೆ ಬೆಳಕಿನ ಶಕ್ತಿಯ ಅಳತೆ) ಆರಂಭಿಸಿ, ಪ್ರತಿ ಸಲ ಶೇ 10ರಿಂದ 20ರಷ್ಟು ಏರಿಸುತ್ತಾರೆ. ಯಂತ್ರ ಸೆಕೆಂಡಿಗೆ 4 ಮಿಲಿಜೌಲ್ ಕೊಡುವಂತಿದ್ದರೆ ಮೊದಲ ದಿನ ನಿಲ್ಲಬೇಕಾದದ್ದು 50 ಸೆಕೆಂಡು. ಟ್ಯೂಬ್‌ಗಳು ಹಳತಾಗಿ ಅದು 2.5ಕ್ಕೆ ಇಳಿದರೆ ಅದೇ ಡೋಸ್‌ಗೆ 80 ಸೆಕೆಂಡು ಬೇಕು. ಆದ್ದರಿಂದ ‘ಅಲ್ಲಿ ಎರಡು ನಿಮಿಷ ಕೊಡುತ್ತಿದ್ದರು, ಇಲ್ಲಿ ಒಂದೇ ನಿಮಿಷ’ ಎಂಬ ದೂರಿಗೆ ಅರ್ಥವಿಲ್ಲ. ಹೋಲಿಸಬೇಕಾದದ್ದು ನಿಮ್ಮ ಚಿಕಿತ್ಸೆಯ ಕಾರ್ಡಿನಲ್ಲಿ ಬರೆದ ಮಿಲಿಜೌಲನ್ನು, ಸೆಕೆಂಡುಗಳನ್ನಲ್ಲ.

ಎಲ್ಲಿಯವರೆಗೆ ಏರಿಸಬೇಕೆಂಬುದನ್ನು ಚರ್ಮವೇ ಹೇಳುತ್ತದೆ. ಬಿಳಿ ಕಲೆ ನಸುಗೆಂಪಾಗಿ, ಆ ಕೆಂಪು ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಯವಾದರೆ ಡೋಸ್ ಸರಿಯಾಗಿದೆ ಎಂದರ್ಥ. ಕೆಂಪು ಮರುದಿನವೂ ಉಳಿದರೆ, ಉರಿಯೋ ಬೊಬ್ಬೆಯೋ ಕಾಣಿಸಿಕೊಂಡರೆ, ಮುಂದಿನ ಸಲ ಪೆಟ್ಟಿಗೆಯೊಳಗೆ ಕಾಲಿಡುವ ಮೊದಲೇ ಹೇಳಬೇಕು. ‘ಡೋಸ್ ಕಡಿಮೆ ಮಾಡಿಬಿಡುತ್ತಾರೆ’ ಎಂದು ಹೆದರಿ ಸುಮ್ಮನಿರುವವರುಂಟು. ಅದು ಸುಟ್ಟ ಚರ್ಮವನ್ನೇ ಮತ್ತೆ ಸುಟ್ಟುಕೊಂಡಂತೆ.

ವಾರಕ್ಕೆ ಎರಡು ಅಥವಾ ಮೂರು ಸಲ, ನಡುವೆ ಒಂದು ದಿನವಾದರೂ ಬಿಡುವಿರುವಂತೆ ಬರಬೇಕು. ಹಬ್ಬಕ್ಕೋ ಹೊಲದ ಕೆಲಸಕ್ಕೋ ಒಂದು ವಾರದವರೆಗೆ ತಪ್ಪಿದರೆ ಸಾಮಾನ್ಯವಾಗಿ ಹಿಂದಿನ ಡೋಸನ್ನೇ ಕೊಡುತ್ತಾರೆ. ಎರಡು ವಾರದವರೆಗೆ ತಪ್ಪಿದರೆ ಕಾಲುಭಾಗ, ಮೂರು ವಾರದವರೆಗೆ ತಪ್ಪಿದರೆ ಅರ್ಧದಷ್ಟು ಇಳಿಸುತ್ತಾರೆ. ಅದಕ್ಕೂ ಮೀರಿದರೆ ಮತ್ತೆ ಮೊದಲಿನಿಂದ. ಹೀಗಾಗಿ ಬಿತ್ತನೆ, ಮದುವೆ, ಪರೀಕ್ಷೆಗಳ ದಿನಗಳನ್ನು ನೋಡಿಕೊಂಡು, ಎಡೆಬಿಡದೆ ಬರಲಾಗುವ ತಿಂಗಳುಗಳಲ್ಲಿ ಶುರುಮಾಡುವುದು ಜಾಣತನ.

ಫಲ ಕಾಣುವುದು ಯಾವಾಗ?

ಸೋರಿಯಾಸಿಸ್ ಬಹಳಷ್ಟು ಮಂದಿಗೆ ಇಪ್ಪತ್ತರಿಂದ ಮೂವತ್ತು ಸಲಕ್ಕೆ ಹಿಡಿತಕ್ಕೆ ಬರುತ್ತದೆ. ತೊನ್ನು ತಾಳ್ಮೆ ಬೇಡುತ್ತದೆ. 48 ಸಲ ಮುಗಿಯುವ ಮೊದಲೇ ಫಲವಿಲ್ಲವೆಂದು ಕೈಬಿಡುವುದು ಸರಿಯಲ್ಲ. ಬಣ್ಣ ಮರಳುವುದನ್ನು ಗುರುತಿಸಲು ಕಲೆಯನ್ನು ಹತ್ತಿರದಿಂದ ನೋಡಬೇಕು. ಬಿಳಿಯ ನಡುವೆ ರೋಮದ ಬುಡಗಳಲ್ಲಿ, ಸಾಸಿವೆ ಕಾಳು ಚೆಲ್ಲಿದಂತೆ ಕಂದು ಚುಕ್ಕೆಗಳು ಮೂಡಿ, ಹರಡಿ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಣ್ಣ ತಯಾರಿಸುವ ಕೋಶಗಳ ದಾಸ್ತಾನು ರೋಮದ ಬುಡದಲ್ಲಿರುವುದೇ ಇದಕ್ಕೆ ಕಾರಣ. ರೋಮವೇ ಇಲ್ಲದ ಬೆರಳ ತುದಿ, ತುಟಿ, ರೋಮವೂ ಬೆಳ್ಳಗಾದ ಕಲೆಗಳು ಸುಲಭವಾಗಿ ಮಣಿಯವು; ಇದನ್ನು ಮೊದಲೇ ತಿಳಿಸುವ ವೈದ್ಯರನ್ನು ನಂಬಬಹುದು.

ಕೋರ್ಸ್ ಮುಗಿದ ಮೇಲೆ ಕಾರ್ಡನ್ನು ಎಸೆಯಬಾರದು. ಜೀವಮಾನದಲ್ಲಿ ಒಟ್ಟು ಎಷ್ಟು ಸಲ ಬೆಳಕು ಪಡೆದಿರಿ, ಕೊನೆಯ ಡೋಸ್ ಎಷ್ಟಿತ್ತು ಎಂಬ ಲೆಕ್ಕ ಮುಂದಿನ ವೈದ್ಯರಿಗೆ ಬೇಕೇ ಬೇಕು. ಅದರ ಜೆರಾಕ್ಸ್ ಪ್ರತಿಯೊಂದನ್ನು ಮಾಡಿಸಿ, ಮೊಬೈಲಿನಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ.