ಎಥನಾಲ್‌ನಿಂದ ಪ್ರೊಪನೋಯಿಕ್ ಆಮ್ಲ: ಉತ್ತರದಿಂದ ಹಿಂದಕ್ಕೆ ಬನ್ನಿ

ದ್ವಿತೀಯ ಪಿಯುಸಿ ಮಕ್ಕಳು ಸಾವಯವ ರಸಾಯನಶಾಸ್ತ್ರದಲ್ಲಿ ಹೆಚ್ಚು ಹೆದರುವುದು ‘ಕನ್ವರ್ಷನ್’ ಪ್ರಶ್ನೆಗೆ. ಬಾಯಿಪಾಠ ಮಾಡಿದ ಅಷ್ಟೊಂದು ಕ್ರಿಯೆಗಳಲ್ಲಿ ಯಾವುದನ್ನು ಹಿಡಿಯಬೇಕೆಂದೇ ತೋಚುವುದಿಲ್ಲ. ಒಂದೇ ಒಂದು ಪ್ರಶ್ನೆಯನ್ನು ನಿಧಾನವಾಗಿ ಬಿಡಿಸೋಣ: ಎಥನಾಲ್ ಅನ್ನು ಪ್ರೊಪನೋಯಿಕ್ ಆಮ್ಲವಾಗಿ ಪರಿವರ್ತಿಸಿ.

ಮೊದಲು ಇಂಗಾಲ ಎಣಿಸಿ. ಎಥನಾಲ್‌ನಲ್ಲಿ 2, ಬೇಕಾದ ಆಮ್ಲದಲ್ಲಿ 3. ಅಂದರೆ ಎಲ್ಲೋ ಒಂದು ಇಂಗಾಲ ಸೇರಲೇಬೇಕು. ಆಲ್ಕೋಹಾಲ್ ಕಂಡ ಕೂಡಲೇ ಪರ್ಮಾಂಗನೇಟ್ ಹಾಕಿ ಉತ್ಕರ್ಷಿಸಿದರೆ ಸಿಗುವುದು 2 ಇಂಗಾಲದ ಎಥನೋಯಿಕ್ ಆಮ್ಲ. ಬಹಳ ಮಂದಿ ದಾರಿ ತಪ್ಪುವುದು ಇಲ್ಲೇ.

ಈಗ ಉತ್ತರದಿಂದ ಹಿಂದಕ್ಕೆ ಬನ್ನಿ. ಈ ಆಮ್ಲ ಯಾವುದರಿಂದ ಬಂದೀತು? ಪ್ರೊಪೇನ್‌ನೈಟ್ರೈಲ್‌ನ ಜಲವಿಭಜನೆಯಿಂದ, ಅಂದರೆ ಅದನ್ನು ನೀರಿನಿಂದ ಒಡೆಯುವುದರಿಂದ. ಅದು? ಬ್ರೋಮೋಈಥೇನ್‌ಗೆ ಸಯನೈಡ್ ಸೇರಿಸಿದರೆ. ಬ್ರೋಮೋಈಥೇನ್? ನಮ್ಮ ಎಥನಾಲ್‌ನಿಂದಲೇ. ದಾರಿ ಕೂಡಿತು, ಇನ್ನು ನೇರವಾಗಿ ಬರೆಯಿರಿ.

ಎಥನಾಲ್‌ಗೆ ಕೆಂಪು ರಂಜಕ ಮತ್ತು ಬ್ರೋಮಿನ್ ಹಾಕಿದರೆ ಬ್ರೋಮೋಈಥೇನ್. ಎಥನಾಲ್‌ಗೆ ನೇರವಾಗಿ ಸಯನೈಡ್ ಹಾಕಿದರೆ ಆಗದೇ? ಆಗದು. ಹೈಡ್ರಾಕ್ಸೈಡ್ ಸುಲಭಕ್ಕೆ ಜಾಗ ಬಿಡುವುದಿಲ್ಲ, ಬ್ರೋಮೈಡ್ ಬಿಡುತ್ತದೆ.

ಮುಂದಿನ ಹೆಜ್ಜೆಯೇ ಇಡೀ ಲೆಕ್ಕದ ಜೀವ. ಬ್ರೋಮೋಈಥೇನ್ ಅನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿದ ಪೊಟ್ಯಾಷಿಯಂ ಸಯನೈಡ್ ಜತೆ ಕಾಯಿಸಬೇಕು. ಬ್ರೋಮಿನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಂಡಿರುವುದರಿಂದ ಅದಕ್ಕಂಟಿದ ಇಂಗಾಲ ತುಸು ಧನಾತ್ಮಕ. ಸಯನೈಡ್‌ನ ಇಂಗಾಲ ತನ್ನ ಎಲೆಕ್ಟ್ರಾನ್ ಜೋಡಿಯೊಂದಿಗೆ ಬ್ರೋಮಿನ್‌ನ ಎದುರು ಬದಿಯಿಂದ ಬರುತ್ತದೆ. ಬಸ್ಸಿನ ಹಿಂಬಾಗಿಲಲ್ಲಿ ಒಬ್ಬರು ಹತ್ತುವ ಹೊತ್ತಿಗೇ ಮುಂಬಾಗಿಲಲ್ಲಿ ಇನ್ನೊಬ್ಬರು ಇಳಿದ ಹಾಗೆ, ಎರಡೂ ಒಟ್ಟಿಗೇ ನಡೆಯುತ್ತವೆ. ಒಂದು ಗುಂಪು ಹೋಗಿ ಇನ್ನೊಂದು ಒಂದೇ ಹೆಜ್ಜೆಯಲ್ಲಿ ಬರುವ ಇದೇ ಎಸ್‌ಎನ್2 ಕ್ರಿಯೆ. ಬಾಗಿದ ಬಾಣ ಎಳೆಯುವಾಗ ಅದರ ಬಾಲ ಸಯನೈಡ್‌ನ ಎಲೆಕ್ಟ್ರಾನ್ ಜೋಡಿಯ ಮೇಲಿರಲಿ, ತುದಿ ಇಂಗಾಲಕ್ಕೆ ಮುಟ್ಟಲಿ. ಎರಡನೆಯ ಬಾಣ ಇಂಗಾಲ-ಬ್ರೋಮಿನ್ ಬಂಧದಿಂದ ಬ್ರೋಮಿನ್‌ಗೆ. ಧನಾತ್ಮಕ ಇಂಗಾಲದಿಂದ ಬಾಣ ಹೊರಡಿಸಬೇಡಿ. ಬಾಣ ತೋರಿಸುವುದು ಎಲೆಕ್ಟ್ರಾನ್‌ಗಳ ನಡೆಯನ್ನು, ಕೊಡಲು ಆ ಇಂಗಾಲದ ಬಳಿ ಏನೂ ಇಲ್ಲ.

ಪೊಟ್ಯಾಷಿಯಂ ಬದಲು ಸಿಲ್ವರ್ ಸಯನೈಡ್ ಬರೆದರೆ ಉತ್ತರವೇ ಬದಲಾಗುತ್ತದೆ. ಅದರಲ್ಲಿ ಬೆಳ್ಳಿ-ಇಂಗಾಲದ ಬಂಧ ಬಹುಮಟ್ಟಿಗೆ ಸಹವೇಲೆನ್ಸೀಯ, ಅಂದರೆ ಎಲೆಕ್ಟ್ರಾನ್ ಹಂಚಿಕೊಂಡದ್ದು. ಹಾಗಾಗಿ ಸಾರಜನಕ ಮುಂದೆ ಬಂದು ಐಸೊಸಯನೈಡ್ ಆಗುತ್ತದೆ. ತೃತೀಯಕ ಹ್ಯಾಲೈಡ್‌ಗೂ (ಬ್ರೋಮಿನ್‌ನಂಥದ್ದು ಅಂಟಿದ ಇಂಗಾಲಕ್ಕೆ ಬೇರೆ ಮೂರು ಇಂಗಾಲಗಳು ಸೇರಿರುವುದು) ಈ ದಾರಿ ಹಿಡಿಯಬೇಡಿ: ಹಿಂದಿನಿಂದ ಬರಲು ಜಾಗವಿಲ್ಲದೆ ಅಲ್ಲಿ ಹೆಚ್ಚಾಗಿ ಆಲ್ಕೀನ್ ಉಳಿಯುತ್ತದೆ.

ಕೊನೆಗೆ ನೈಟ್ರೈಲ್ ಅನ್ನು ನೀರು ಬೆರೆಸಿ ತೆಳುವಾಗಿಸಿದ ಪ್ರಬಲ ಆಮ್ಲದೊಂದಿಗೆ ಕುದಿಸಿ. ನಡುವೆ ಅಮೈಡ್ ಆಗಿ, ಮುಂದೆ ಪ್ರೊಪನೋಯಿಕ್ ಆಮ್ಲ ಸಿಗುತ್ತದೆ. ಇದೆಲ್ಲ ಕಾಗದದ ಮೇಲಷ್ಟೇ; ಸಯನೈಡ್ ಮಾರಕ ವಿಷ.

ಇಂಗಾಲ ಒಂದು ಕಡಿಮೆಯಾಗಬೇಕಾದಾಗ ಹಾಫ್‌ಮನ್ ಬ್ರೋಮಮೈಡ್ ಕ್ರಿಯೆ ನೆನಪಿರಲಿ. ಎಥನೋಯಿಕ್ ಆಮ್ಲಕ್ಕೆ ಅಮೋನಿಯಾ ಸೇರಿಸಿ ಕಾಯಿಸಿದರೆ ಎಥನಮೈಡ್, ಅದಕ್ಕೆ ಬ್ರೋಮಿನ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ 1 ಇಂಗಾಲದ ಮೀಥೈಲ್ ಅಮೀನ್. ಇದನ್ನೂ ಉತ್ತರದಿಂದ ಹಿಂದಕ್ಕೆ ಒಮ್ಮೆ ಬರೆದು ನೋಡಿ.