ನಮ್ಮ ಪತ್ರಾಸ್ ಗ್ಯಾರೇಜಿಗೆ ಬೆಳಕು ಬಂದ ಕಥೆ: ನನ್ನ ಅನುಭವ

ಮೊನ್ನೆ ರಾತ್ರಿ ಹತ್ತು ಗಂಟೆಗೆ ನನ್ನ ಹಳೇ ಮಾರುತಿ 800ರ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದೆ. ಬಾಯಲ್ಲಿ ಟಾರ್ಚ್ ಕಚ್ಚಿಕೊಳ್ಳಲಿಲ್ಲ. ಅದರೊಳಗಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಚಿಕ್ಕ ತೂತಿನ ಬಿಡಿಭಾಗ, ಕೈಜಾರಿ ಬಿತ್ತು, ಬಿದ್ದಲ್ಲೇ ಕಂಡಿತು. "ಒಂದು ದೊಡ್ಡ ಫೋಕಸ್ ಲೈಟ್ ಬಡಿದ್ಬಿಡ್ರಿ, ಸುಮ್ನ ಯಾಕ ತಲಿ ಕೆಡಿಸ್ಕೋತೀರಿ" ಅಂತಿದ್ದ ಪಕ್ಕದ ಮನೆ ಕಾಕಾನೂ ಬಂದು ನೋಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಲಬುರಗಿ ಕಡೆ ಗೊತ್ತಲ್ಲ, ಕೆಳಗೆ ಶಹಾಬಾದ್ ಫರಸಿ, ಗೋಡೆಗೂ ಅದೇ ಕಲ್ಲು, ಮೇಲೆ ಪತ್ರಾಸ್, ಅಂದರೆ ತಗಡಿನ ಶೀಟು. ಹತ್ತು ಬೈ ಹದಿನೆಂಟರ ಜಾಗ. ಆ ಬೂದು ಕಲ್ಲು ಎಷ್ಟು ಬೆಳಕು ಕೊಟ್ಟರೂ ನುಂಗುತ್ತದೆ. ಮೊದಲು ಇದ್ದದ್ದು ಚೋಕ್ ಇರುವ 40 ವ್ಯಾಟಿನ ಒಂದೇ ಟ್ಯೂಬು. ಬಾನೆಟ್ ಎತ್ತಿದರೆ ಇಂಜಿನ್ ಮೇಲೆ ನನ್ನದೇ ನೆರಳು.

ಕಾಕಾ ಮಾತು ಕೇಳಿ 100 ವ್ಯಾಟಿನ ಎಲ್‌ಇಡಿ ಫೋಕಸ್ ತಂದೆ. ಒಂದೂವರೆ ಸಾವಿರ ಹೋಯಿತು. ಬೆಳಕೇನೋ ಮದುವೆ ಮಂಟಪದ ಹಾಗೆ. ಆದರೆ ಬಗ್ಗಿದರೆ ನೆರಳು ಇನ್ನೂ ಕಪ್ಪು, ತಲೆ ಎತ್ತಿದರೆ ಕಣ್ಣು ಕುಕ್ಕುತ್ತದೆ. ಈಗ ಅದು ಗೇಟಿನ ಮೇಲಿದೆ.

ಆಮೇಲೆ ಎರಡು ಎಲ್‌ಇಡಿ ಟ್ಯೂಬ್ ತಂದು ಪತ್ರಾಸಿಗೆ ಅಂಟಿಸಿದ ಹಾಗೆ ಹಾಕಿದೆ. ಮಾರ್ಚ್‌ನಲ್ಲಿ ಹಾಕಿದ್ದು. ಮೇ ಮುಗಿಯೋದ್ರೊಳಗೆ ಒಂದು ಮಿಣುಕತೊಡಗಿತು, ಇನ್ನೊಂದು ಸತ್ತೇ ಹೋಯಿತು. ಅಂಗಡಿಯವನು "ಕರೆಂಟ್ ಏರಿಳಿತರೀ" ಅಂತ ಒಂದನ್ನು ಬದಲಿಸಿ ಕೊಟ್ಟ. ಅದೂ ಹೋಯಿತು. ಆಗ ಸಿಟ್ಟಿಗೆ ಬಿಚ್ಚಿ ನೋಡಿದೆ. ಡ್ರೈವರ್ (ಎಲ್‌ಇಡಿಗೆ ಕರೆಂಟನ್ನು ಹದಮಾಡಿ ಕೊಡುವ ಸರ್ಕೀಟು) ಒಳಗಿನ ಕಡಲೆಕಾಳಿನಷ್ಟು ಕೆಪಾಸಿಟರಿನ ನೆತ್ತಿ ಪೂರಿಯ ಹಾಗೆ ಉಬ್ಬಿತ್ತು. ಮಧ್ಯಾಹ್ನ ಶಟರ್ ಇಳಿಸಿ ಲೈಟ್ ಹಾಕಿಕೊಂಡು ಕೆಲಸ ಮಾಡುವವನು ನಾನು. ಹೊರಗೆ 42-43 ಡಿಗ್ರಿ ಇದ್ದಾಗ ಪತ್ರಾಸ್ ಬುಡದಲ್ಲಿ ಅಳೆದೆ, 58ರ ಹತ್ತಿರ ತೋರಿಸಿತು. ಕರೆಂಟಿನದಲ್ಲ, ಝಳದ ಕಾಟ!

ಹಾಗಾಗಿ ಲೈಟನ್ನೇ ಕೆಳಗಿಳಿಸಿದೆ. ಪತ್ರಾಸಿನಿಂದ ಒಂದೂವರೆ ಅಡಿ ಕೆಳಗೆ, ಉದ್ದಕ್ಕೆ ಎರಡು ಸಾಲು ಅಲ್ಯೂಮಿನಿಯಂ ಚಾನೆಲ್. ಒಂದೊಂದು ಸಾಲಿಗೆ 20 ವ್ಯಾಟಿನ ಎರಡೆರಡು ಎಲ್‌ಇಡಿ ಪಟ್ಟಿ. ಸಾಲು ಕಾರಿನ ನಡುವೆ ಅಲ್ಲ, ಎರಡೂ ಮಡ್‌ಗಾರ್ಡುಗಳ ನೇರಕ್ಕೆ ಮೇಲೆ. ಮಿಸ್ತ್ರಿ ನಕ್ಕ. "ನಡಕ್ಕ ಬಿಟ್ಟು ಬಾಜೂಕ ಯಾರ ಹಾಕ್ತಾರ್ರೀ?" ನಾನು ಹಾಕಿಸಿದೆ. ಎಡಗಡೆಯಿಂದ ಬಗ್ಗಿದರೆ ಬಲಗಡೆಯ ಬೆಳಕು ಒಳಗೆ ಬರುತ್ತದೆ, ನೆರಳು ಒಡೆಯುತ್ತದೆ. ಒಂದು ಸಾಲು ಇನ್ವರ್ಟರ್ ಮೇಲೆ. ಬೇರೆ 6 ಆಂಪಿಯರ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು). ಚಾನೆಲ್, ಪತ್ರಾಸು ಎರಡಕ್ಕೂ ಅರ್ಥಿಂಗ್, ಅದರಲ್ಲಿ ಜಿಪುಣತನ ಬೇಡ.

ಅರ್ಧ ಕೆಲಸ ಮಾಡಿದ್ದು ಮಾತ್ರ ಸುಣ್ಣ. ಗೋಡೆಗೆ ಎರಡು ಕೈ ಬಳಿದೆ, ಇನ್ನೂರು ರೂಪಾಯಿಯೂ ಆಗಲಿಲ್ಲ. ಬಟ್ಟೆಗೆ ಹತ್ತದ ಹಾಗೆ ಅದರಲ್ಲಿ ಏನು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಇದರ ನಡುವೆ ಒಮ್ಮೆ ಬಾನೆಟ್ ಒಳಗೆ 12 ವೋಲ್ಟಿನ ಸ್ಟ್ರಿಪ್ ಅಂಟಿಸಿದ್ದೆ. ಬಿಸಿಗೆ ಗೋಂದು ಕರಗಿ ಫ್ಯಾನ್ ಬೆಲ್ಟಿನ ಮೇಲೆ ಜೋತುಬಿತ್ತು, ನಾನೂರು ರೂಪಾಯಿ ಗೋತಾ. ಮಿರಗಿನ (ಮೃಗಶಿರಾ) ಮಳೆಗೆ ಹುಳ ಜಾಸ್ತಿ ಆದಾಗ ಬಾಗಿಲಲ್ಲಿ ಹಳದಿ ಬಲ್ಬ್ ಹಾಕಿ ನೋಡಿದೆ, ಅದಕ್ಕೆ ಕಡಿಮೆ ಮುತ್ತುತ್ತವೆ. ಪಟ್ಟಿ ಕೊಳ್ಳುವಾಗ ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನೋ ಅಂಕ) 80ಕ್ಕಿಂತ ಕಡಿಮೆ ಬೇಡ. ಒಂದು ಅಗ್ಗದ ಪಟ್ಟಿಯಲ್ಲಿ ಕಂದು ವೈರು, ಕೆಂಪು ವೈರು ನನಗೆ ಒಂದೇ ಕಂಡಿದ್ದವು.

ಕೆಟ್ಟದ್ದಕ್ಕೆ ಸುಮಾರು 2,500 ಹೋಗಿದೆ, ಸರಿಯಾದದ್ದಕ್ಕೂ ಅಷ್ಟೇ, ನೂರು ಹೆಚ್ಚು. ಮಿಸ್ತ್ರಿಯ ಕೂಲಿ ಬೇರೆ. ಎರಡು ಬೇಸಿಗೆ ಕಳೆದವು, ನಾಲ್ಕೂ ಉರಿಯುತ್ತಿವೆ.

ಕಾಕಾ ಈಗ ತಮ್ಮ ಹಿಟ್ಟಿನ ಗಿರಣಿಗೂ ಹಿಂಗೇ ಬೇಕು ಅಂತಾರೆ. ಮೊನ್ನೆ ಗೋಡೆ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡು, "ಸುಣ್ಣದಾಗ ಏನ್ ಕಲಸೀರಿ?" ಅಂದರು. ಚಹಾ ಕುಡಿಸಿ ಕಳಿಸಿದೆ.