ಸಿಂತ್‌ನಲ್ಲಿ ತಂಬೂರಿ ನಾದ ಕಟ್ಟಿದ ಬಗೆ

ನಾನು ಹಾಡುವುದು ಒಂದು ಮನೆ ಶ್ರುತಿಗೆ, ಅಂದರೆ ಕೀಬೋರ್ಡಿನ ಸಿ. ರೆಕಾರ್ಡ್ ಮಾಡಿದ ತಂಬೂರಿ ಎಲ್ಲೆಡೆ ಸಿಗುತ್ತದೆ ನಿಜ. ಆದರೆ ಆ ನಾದ ಹೇಗೆ ಹುಟ್ಟುತ್ತದೆ ಅಂತ ಕೈಯಾರೆ ಕಟ್ಟಿ ತಿಳಿಯುವ ಆಸೆ ಇತ್ತು. ಅದಕ್ಕೆ ಸರ್ಜ್ ಎಕ್ಸ್‌ಟಿ ತೆರೆದೆ. ಉಚಿತ ಸಾಫ್ಟ್‌ವೇರ್ ಸಿಂತ್ (ಸಿಂತಸೈಜರ್, ಅಂದರೆ ನಾದವನ್ನು ಕೃತಕವಾಗಿ ಹುಟ್ಟಿಸುವ ಸಾಧನ) ಇದು. ಅದರಲ್ಲಿ ಅಲೆ ಹುಟ್ಟಿಸುವ 3 ಆಸಿಲೇಟರ್‌ಗಳಲ್ಲಿ ಎರಡನ್ನು ಷಡ್ಜಕ್ಕೆ (ಸ), ಒಂದನ್ನು ಕೆಳಗಿನ ಸ್ಥಾಯಿಯ ಪಂಚಮಕ್ಕೆ (ಮಂದ್ರ ಪ) ಇಟ್ಟೆ.

ಮೊದಲು ಅಲೆಯ ಆಕಾರ. ಸೈನ್ ಅಲೆಯಲ್ಲಿ ಮೂಲ ಸ್ವರ ಬಿಟ್ಟರೆ ಬೇರೇನೂ ಇಲ್ಲ. ಅದರ ಜೊತೆ ಶ್ರುತಿ ಸೇರಿಸಲು ಕಿವಿಗೆ ಹಿಡಿತವೇ ಸಿಗುವುದಿಲ್ಲ. ಸ್ಕ್ವೇರ್ ಅಲೆಯಲ್ಲಿ ಬೆಸ ಸಂಖ್ಯೆಯ ಹಾರ್ಮೋನಿಕ್‌ಗಳು (ಮೂಲ ಸ್ವರದ 2, 3, 4 ಪಟ್ಟು ಹೀಗೆ ಪೂರ್ಣ ಪಟ್ಟಿನ ಕಂಪನಗಳಲ್ಲಿ) ಮಾತ್ರ. ಕೊಳವೆಯೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಗರಗಸದ ಹಲ್ಲಿನಾಕಾರದ ಸಾ-ಟೂತ್‌ನಲ್ಲಿ ಎಲ್ಲವೂ ಇವೆ. ಎರಡನೆಯದರ ಬಲ ಮೂಲದ ಅರ್ಧ, ಮೂರನೆಯದು ಮೂರರಲ್ಲೊಂದು, ಹೀಗೆ ಇಳಿಯುತ್ತಾ ಹೋಗುತ್ತದೆ. ತಂಬೂರಿಗೆ ಇದೇ ಹತ್ತಿರ.

ಈಗ ಸೊಗಸಾದ ಭಾಗ. ನನ್ನ ಷಡ್ಜ 130.81 ಹರ್ಟ್ಜ್. ಅದರ 5ನೇ ಹಾರ್ಮೋನಿಕ್ 654 ಹರ್ಟ್ಜ್. ತಂಬೂರಿಯಲ್ಲಿ ಯಾರೂ ಮೀಟದೆಯೇ ಕೇಳಿಸುವ ಅಂತರ ಗಾಂಧಾರ (ಗ ಸ್ವರದ ಎತ್ತರದ ರೂಪ) ಇದೇ ಅಲ್ವಾ? ಮೇಲಿನ ಕಂಪನಗಳನ್ನು ತಗ್ಗಿಸುವ ಲೋ-ಪಾಸ್ ಫಿಲ್ಟರ್‌ನ ಕಟಾಫ್ (ತಗ್ಗಿಸಲು ಶುರುಮಾಡುವ ಜಾಗ) ಅನ್ನು ಅಲ್ಲಿಗೆ ತಂದು ರೆಸೊನೆನ್ಸ್ (ಆ ಜಾಗದ ಸುತ್ತಲ ಒತ್ತು) ಏರಿಸಿದೆ. ಗಾಂಧಾರ ಎದ್ದು ಕೇಳಿಸಿತು! ಅದರ ಜೊತೆಗೇ ಇನ್ನೊಂದು ಟ್ರ್ಯಾಕ್‌ನಲ್ಲಿ ಅದೇ ಸ್ಥಾಯಿಯ ಇ ಒತ್ತಿ ನೋಡಿ. ಅದು 659 ಹರ್ಟ್ಜ್. ಎರಡೂ ಸೇರಿ ನಾದ ಸೆಕೆಂಡಿಗೆ ಸುಮಾರು 5 ಸಲ ಅದಿರುತ್ತದೆ, ಕೇಳಲಾಗುವುದಿಲ್ಲ. ನಾವು ಟೋನ್ ಅನ್ನುವುದರೊಳಗೇ ಇಷ್ಟೊಂದು ಸ್ವರಗಳು ಕೂತಿವೆ. ಶ್ರುತಿ ಸೇರಬೇಕಾದ್ದು ಅವುಗಳೊಂದಿಗೆ.

ಹಾಗಾಗಿ ಪಂಚಮವನ್ನೂ ಕೀಬೋರ್ಡಿನ ಲೆಕ್ಕಕ್ಕೆ ಬಿಡಲಿಲ್ಲ. ಷಡ್ಜದಿಂದ 5 ಸೆಮಿಟೋನ್ (ಕೀಬೋರ್ಡಿನ ಪಕ್ಕಪಕ್ಕದ ಕೀಗಳ ಅಂತರ) ಕೆಳಗೆ ಇಡುವ ಬದಲು 4.98 ಇಟ್ಟೆ. ಬರೀ 2 ಸೆಂಟ್ (ಸೆಮಿಟೋನ್‌ನ ನೂರರಲ್ಲೊಂದು ಭಾಗ 1 ಸೆಂಟ್) ವ್ಯತ್ಯಾಸ. ಆದರೆ ಷಡ್ಜದ 3ನೇ ಹಾರ್ಮೋನಿಕ್ ಮತ್ತು ಪಂಚಮದ 4ನೆಯದು 392 ಹರ್ಟ್ಜ್ ಹತ್ತಿರ ಸಂಧಿಸುತ್ತವೆ. 5 ಇದ್ದಾಗ ಅಲ್ಲಿ ಎರಡು ಸೆಕೆಂಡಿಗೊಮ್ಮೆ ಅಲುಗಾಟ ಇತ್ತು. 4.98ಕ್ಕೆ ಅದು ನಿಂತಿತು.

ಎಲ್ಲವೂ ಪೂರ್ತಿ ಕೂತರೆ ನಾದ ಸಪ್ಪೆ. ಎರಡನೇ ಷಡ್ಜವನ್ನು ಬೇಕೆಂದೇ 2 ಸೆಂಟ್ ಏರಿಸಿದೆ. ಮೂಲ ಸ್ವರ ಆರೇಳು ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ, 5ನೇ ಹಾರ್ಮೋನಿಕ್ ಅದರ ಐದು ಪಟ್ಟು ಬೇಗ. ಒಂದೊಂದೂ ತನ್ನ ವೇಗದಲ್ಲಿ ಬಂದು ಹೋಗುವುದರಿಂದ ನಾದಕ್ಕೆ ಜೀವ ಬಂತು. ನಿಜವಾದ ತಂಬೂರಿಯಲ್ಲಿ ಜೀವ ತುಂಬುವುದು ಕುದುರೆಯ (ತಂತಿಗಳನ್ನು ಹೊರುವ ಬ್ರಿಡ್ಜ್) ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ನೂಲು. ಆ ಝೇಂಕಾರ ಸಿಂತ್‌ಗೆ ಪೂರ್ತಿ ಬರುವುದಿಲ್ಲ. ನಿಧಾನವಾದ ಎಲ್‌ಎಫ್‌ಒ (ಕೇಳಿಸದೆ, ಬೇರೊಂದು ಸೆಟ್ಟಿಂಗನ್ನು ಏರಿಳಿಸುವ ಅಲೆ) ಒಂದನ್ನು ಕಟಾಫ್‌ಗೆ ಜೋಡಿಸಿ ಸ್ವಲ್ಪ ಹತ್ತಿರ ಹೋದೆ.

ತೋಡಿ ರಾಗದಲ್ಲಿ ಅಂತರ ಗಾಂಧಾರ ಇಲ್ಲ. ಡ್ರೋನ್‌ನಿಂದಲೂ (ಹಿನ್ನೆಲೆಯಲ್ಲಿ ಎಡೆಬಿಡದೆ ನುಡಿಯುವ ಶ್ರುತಿ) ಅದನ್ನು ತೆಗೆದರೆ ಹೇಗೆ ಅಂತ ನೋಡಿದೆ. ಪಲ್ಸ್ ಅಲೆಯ (ಸ್ಕ್ವೇರ್‌ನ ಹಾಗೇ, ಆದರೆ ಮೇಲಿನ ಭಾಗದ ಅಗಲ ಬದಲಿಸಬಹುದು) ಅಗಲವನ್ನು ಶೇ. 20ಕ್ಕೆ ತಂದರೆ 5ನೇ ಹಾರ್ಮೋನಿಕ್ ಮಾಯವಾಗುತ್ತದೆ, 10ನೆಯದೂ. ಷಡ್ಜ ಚೊಕ್ಕವಾಯಿತು, ಆದರೆ ಬಡವಾಯಿತು. ತೋಡಿಗೂ ಈಗ ಸಾ-ಟೂತ್ ಅನ್ನೇ ಇಟ್ಟುಕೊಂಡಿದ್ದೇನೆ. ರೆಸೊನೆನ್ಸ್ ಮಾತ್ರ ತಗ್ಗಿಸುತ್ತೇನೆ.